ಮಂಚಮ್ಮನ ಗೇಟ್‌ಪಾಸು

ಮೊದಲೇ ಹೇಳಿಬಿಡುತ್ತೇನೆ, ಆ ಪ್ಲಾನು ಬರೆದವನು ನಾನೇ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಮೇಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿರುವ ಗುರುಸಿದ್ದಯ್ಯ ನಾನು. ಯಾವ ಬೋಲ್ಟು ಯಾವ ಡಬ್ಬದಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಆದರೆ ದೇಶದ ರಕ್ಷಣಾ ತಂತ್ರಜ್ಞಾನ ಪರದೇಶದ ಪಾಲಾಗದಂತೆ ಕಾಯುವುದು ಹೇಗೆ ಅಂದರೆ ನನಗೇನು ಗೊತ್ತು? ನಮ್ಮ ಮಾಲೀಕರು ವಿಜಯ್‌ಕುಮಾರ್ ಮಾತ್ರ ನನ್ನನ್ನು ಕರೆದು, "ಗುರುಸಿದ್ದಯ್ಯನೋರೇ, ಇಲ್ಲಿ ಇಂಗ್ಲಿಷ್ ಪೇಪರ್ ಓದೋರು ನೀವೊಬ್ರೇ. ನೀವೇ ಬರ್ದ್ಬುಡಿ" ಅಂದರು. ನಾನು ಇಂಗ್ಲಿಷ್ ಪೇಪರು ತರಿಸುತ್ತಿದ್ದದ್ದು ಪದಬಂಧಕ್ಕೆ.

ನಾವು ಮಾಡುವುದು ಒಂದು ಉಕ್ಕಿನ ರಿಂಗು. ಮಗುವಿನ ಕೈಬಳೆಯಷ್ಟು ಅಗಲ ಇರುತ್ತದೆ. ಅದು ಯಾವುದೋ ಕ್ಷಿಪಣಿಯ ಹೊಟ್ಟೆಯೊಳಗೆ ಎಲ್ಲೋ ಕೂತು ಗ್ಯಾಸು ಸೋರದಂತೆ ತಡೆಯುತ್ತದಂತೆ. ಕಳೆದ ವರ್ಷ ಹೊರದೇಶದ ಒಂದು ಕಂಪನಿ ನಮಗೆ ದೊಡ್ಡ ಆರ್ಡರ್ ಕೊಡುತ್ತೇನೆಂದು ಮುಂದೆ ಬಂತು, ಒಂದು ಷರತ್ತಿನ ಮೇಲೆ. ಸರ್ಕಾರದ ಅನುಮತಿ ಪಡೆದು ರಿಂಗು ಹೋಗಬಹುದು, ರಿಂಗು ಮಾಡುವ ವಿದ್ಯೆ ಗೇಟು ದಾಟಕೂಡದು. ಆ ವಿದ್ಯೆ ಎಲ್ಲಿದೆ, ಯಾರು ನೋಡುತ್ತಾರೆ, ಹೇಗೆ ಬೀಗ ಹಾಕಿದ್ದೀರಿ, ಎಲ್ಲವನ್ನೂ ಪ್ಲಾನಿನಲ್ಲಿ ಬರೆದು ಜಾರಿಗೆ ತರಬೇಕು. ಆಮೇಲೆ ಒಬ್ಬ ತಪಾಸಣೆಯವನು ಬಂದು ನೋಡಿ ಸಹಿ ಹಾಕಬೇಕು.

ಇಂಟರ್ನೆಟ್ಟಿನಲ್ಲಿ ಒಂದು ಮಾದರಿ ಪ್ಲಾನು ಸಿಕ್ಕಿತು. ಅದು ಜಲಾಂತರ್ಗಾಮಿ ಕಟ್ಟುವವರದು. 'ಜಲಾಂತರ್ಗಾಮಿ' ಇದ್ದ ಕಡೆಯೆಲ್ಲಾ 'ರಿಂಗು' ಅಂತ ಬದಲಾಯಿಸಿದೆ. 'ರಿಂಗು ಬಂದರಿನಲ್ಲಿ ನಿಂತಾಗ ಸಮುದ್ರದ ಕಡೆಯಿಂದ ಯಾರೂ ಹತ್ತದಂತೆ ಕಾವಲಿರಬೇಕು' ಅನ್ನುವ ವಾಕ್ಯ ಹಾಗೆಯೇ ಉಳಿದುಕೊಂಡಿತು. ಇವತ್ತಿನವರೆಗೂ ಯಾರೂ ಅದರ ಬಗ್ಗೆ ಚಕಾರ ಎತ್ತಿಲ್ಲ. 'ಕಾರ್ಖಾನೆಗೆ ವಿದೇಶಿಯರು ಬರುತ್ತಾರೆಯೇ' ಅಂತ ಒಂದು ಪ್ರಶ್ನೆಯಿತ್ತು. ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಬರುವವರೇ ನಮಗೆ ದೂರದವರು, ಇಲ್ಲ ಅಂತ ಬರೆದೆ.

ಕಷ್ಟ ಬಂದದ್ದು ನಾಲ್ಕನೇ ಪ್ರಶ್ನೆಗೆ. 'ಸೂಕ್ಷ್ಮ ತಂತ್ರಜ್ಞಾನ ಇರುವ ಸ್ಥಳ.' ಡ್ರಾಯಿಂಗಿನಲ್ಲಿರಬೇಕು ತಾನೇ ಅಂತ ಹೋಗಿ ಡ್ರಾಯಿಂಗು ತೆಗೆದೆ. ಅಯ್ಯೋ ಶಿವನೇ! ನಮ್ಮಲ್ಲಿ ಪ್ರತಿ ಆಯುಧಪೂಜೆಗೆ ಲೇತು, ಡ್ರಿಲ್ಲು, ಸ್ಪ್ಯಾನರುಗಳ ಜೊತೆ ಆ ಡ್ರಾಯಿಂಗನ್ನೂ ಇಟ್ಟು ಪೂಜೆ ಮಾಡುತ್ತೇವೆ. ಅನ್ನ ಕೊಡುವ ಕಾಗದ, ಮಾಡದೆ ಇರುವುದು ಹೇಗೆ? ಇಪ್ಪತ್ತು ಚಿಲ್ಲರೆ ವರ್ಷದ ಅರಿಶಿನ, ಕುಂಕುಮ, ಗಂಧ ಒಂದರ ಮೇಲೊಂದು ಕೂತು ಕೆಳಗಿನ ಮೂಲೆಯಲ್ಲಿ ರೊಟ್ಟಿಯಷ್ಟು ದಪ್ಪ ಪದರ ಕಟ್ಟಿತ್ತು. ಕೊನೆಯ ಹಂತದಲ್ಲಿ ರಿಂಗನ್ನು ಹೇಗೆ ಉಜ್ಜಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ವಿವರ ಇದ್ದದ್ದು ಸರಿಯಾಗಿ ಆ ಮೂಲೆಯಲ್ಲೇ. ಕೆರೆದು ನೋಡೋಣ ಅಂದರೆ ವಿಜಯ್‌ಕುಮಾರ್ ಬೆಚ್ಚಿಬಿದ್ದರು. "ಬ್ಯಾಡ ಕಣ್ರೀ! ದೇವ್ರ ಕುಂಕುಮ ಕೆರೆಯೋದುಂಟಾ? ಎಲ್ಲಾ ಮಂಚಮ್ಮಂಗೆ ಗೊತ್ತಲ್ಲ, ಬುಡಿ."

ಈ ಮಂಚಮ್ಮನ ಕತೆ ಹೇಳುವುದಕ್ಕೇ ನಾನು ಇಷ್ಟೆಲ್ಲಾ ಒದರುತ್ತಿರುವುದು. ಬನ್ನೂರು ಕಡೆಯ ಬೇಸಾಯದ ಮನೆಯವಳು, ಮದುವೆಯಾಗಿ ಕುಂಬಾರಕೊಪ್ಪಲಿಗೆ ಬಂದವಳು. ಇಪ್ಪತ್ತೆರಡು ವರ್ಷದ ಹಿಂದೆ ಕಸ ಗುಡಿಸುವ ಕೆಲಸಕ್ಕೆ ನಮ್ಮಲ್ಲಿ ಸೇರಿದಳು. ಆಗ ಒಳಕೋಣೆಯಲ್ಲಿ ರಿಂಗು ಉಜ್ಜುತ್ತಿದ್ದ ಮುದುಕ ಫೋರ್‌ಮನ್ನರಿಗೆ ಕೈ ನಡುಗಲು ಶುರುವಾಗಿತ್ತು. ಗುಡಿಸುತ್ತಾ ದಿನಾ ನೋಡುತ್ತಿದ್ದ ಮಂಚಮ್ಮ ಒಂದು ದಿನ, "ಕೊಡಿ ಸಾ ಇತ್ಲಾಗೆ, ನೋಡಾಕಾಗಕಿಲ್ಲ" ಅಂತ ಕಿತ್ತುಕೊಂಡು ಕೂತಳು. ಆವತ್ತು ಕೂತವಳು ಇನ್ನೂ ಎದ್ದಿಲ್ಲ.

ಅವಳ ಮುಂದೆ ಒಂದು ಸಪಾಟಾದ ಎರಕದ ಕಬ್ಬಿಣದ ಹಲಗೆ, ಅದರ ಮೇಲೆ ಕಡಲೆಕಾಳಿನಷ್ಟು ವಜ್ರದ ಪುಡಿಯ ಪೇಸ್ಟು. ಬಳೆ ತೆಗೆದು ಮೊಳೆಗೆ ಸಿಕ್ಕಿಸಿ, ರಿಂಗನ್ನು ಮೂರು ಬೆರಳಲ್ಲಿ ಹಿಡಿದು ಎಂಟರ ಆಕಾರದಲ್ಲಿ ಉಜ್ಜುತ್ತಾ ಹೋಗುತ್ತಾಳೆ. ಎಲ್ಲಿ ನಿಲ್ಲಿಸುತ್ತೀಯಮ್ಮ ಅಂತ ಕೇಳಿದರೆ, "ಒಂದ್ ಗಳಿಗೇಲಿ ಅದು ಹಲ್ಗೇನ ಹಿಡ್ಕತದೆ ಸಾ, ಕೂಸು ಸೆರಗು ಹಿಡ್ಕಂಡಂಗೆ. ಅಲ್ಲಿಗೆ ಬುಟ್ಬುಡಬೇಕು" ಅನ್ನುತ್ತಾಳೆ. ಇಬ್ಬರು ಎಂಜಿನಿಯರುಗಳು ಪಕ್ಕದಲ್ಲಿ ಕೂತು ಕಲಿಯಲು ನೋಡಿದರು. ಇಬ್ಬರ ರಿಂಗೂ ಸೋರಿದವು. ಮಂಚಮ್ಮನದು ಒಂದೂ ಸೋರಿದ್ದು ನಾನು ಕಂಡಿಲ್ಲ.

ಇಷ್ಟೆಲ್ಲಾ ಇದ್ದೂ ಅವಳು ನಮ್ಮ ನೌಕರಳಲ್ಲ. ಕಾಗದದ ಮೇಲೆ ಕಂಟ್ರಾಕ್ಟರ್ ಕಳಿಸಿದ 'ಹೆಲ್ಪರ್'. ವರ್ಷಕ್ಕೊಬ್ಬ ಹೊಸ ಕಂಟ್ರಾಕ್ಟರ್ ಬರುತ್ತಾನೆ, ಅವಳ ಸರ್ವೀಸು ಮತ್ತೆ ಒಂದನೇ ದಿನದಿಂದ ಶುರುವಾಗುತ್ತದೆ. ಅವಳಿಗೆ ಬೇಕಿದ್ದದ್ದು ಒಂದೇ, ಪರ್ಮನೆಂಟ್ ಆಗಬೇಕು. ನಾಲ್ಕು ಸಲ ಅರ್ಜಿ ಕೊಟ್ಟಳು. ಒಬ್ಬರಿಗೆ ಮಾಡಿದರೆ ಎಲ್ಲರೂ ಬಂದು ನಿಲ್ಲುತ್ತಾರೆ ಅಂತ ಮಾಲೀಕರು ನಾಲ್ಕು ಸಲವೂ "ಮುಂದಿನ್ ವರ್ಷ ನೋಡವ" ಅಂದರು. "ಸಂಬ್ಳ ಅಷ್ಟೇ ಇರ್ಲಿ ಸಾ," ಅಂದಿದ್ದಳು ಒಮ್ಮೆ ನನ್ನ ಹತ್ತಿರ. "ಈ ಕೆಲ್ಸ ಮಾಡ್ದೋಳು ನಾನೇ ಅಂತ ಒಂದ್ ಕಾಗ್ದ ಬೇಕು. ಇಲ್ದಿದ್ರೆ ನಾಳೆ ನಾನು ಸತ್ರೆ, ಇಷ್ಟ್ ವರ್ಸ ಎಲ್ಲೋಗಿದ್ದೆ ಅಂತ ನನ್ ಮಕ್ಳಿಗೂ ಗೊತ್ತಾಗಕಿಲ್ಲ." ನಾನು ಏನು ಮಾಡಿದೆ ಅಂತೀರಾ? ಹೂಂ ಅಂದು ಹಾಜರಿ ಪುಸ್ತಕದಲ್ಲಿ 'ಹೆಲ್ಪರ್' ಅಂತ ಬರೆದೆ. ಅದೂ ನನ್ನ ಕೆಲಸವೇ.

ಹಾಗಾಗಿ ನಾಲ್ಕನೇ ಪ್ರಶ್ನೆಗೆ ನಿಜವನ್ನೇ ಬರೆದೆ. 'ಸೂಕ್ಷ್ಮ ತಂತ್ರಜ್ಞಾನ ಇರುವ ಸ್ಥಳ: ಮಂಚಮ್ಮ.' ಮುಂದಿನ ಪುಟದಲ್ಲಿ ಮಾದರಿಯಲ್ಲಿದ್ದ ಹಾಗೆಯೇ ಇಳಿಸಿದೆ. 'ತಂತ್ರಜ್ಞಾನವಿರುವ ಕೋಣೆಗೆ ಕಂಪನಿಯ ಕಾಯಂ ನೌಕರರಿಗೆ ಮಾತ್ರ ಪ್ರವೇಶ.' ವಿಜಯ್‌ಕುಮಾರ್ ಓದದೆ ಸಹಿ ಹಾಕಿದರು. ಸೋಮವಾರದಿಂದ ಪ್ಲಾನು ಜಾರಿಗೆ ಬಂತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸೆಕ್ಯೂರಿಟಿ ಸಿದ್ದಲಿಂಗಸ್ವಾಮಿ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತ. ಕಾಗದದಲ್ಲಿ ಬರೆದದ್ದನ್ನು ಅವನು ಅಕ್ಷರ ಬಿಡದೆ ಪಾಲಿಸುತ್ತಾನೆ, ತಲೆಯನ್ನು ಮಾತ್ರ ಮನೆಯಲ್ಲಿಟ್ಟು ಬರುತ್ತಾನೆ. "ಮಂಚಮ್ಮೋರೇ, ನೀವು ಕಾಯಂ ಅಲ್ಲ. ಒಳಗೆ ಬಿಡಂಗಿಲ್ಲ."

"ಒಳಗ್ ಏನೈತಪ್ಪ ಅಂತಾದ್ದು?"

"ತಂತ್ರಜ್ಞಾನ."

"ಎಲ್ಲೈತೆ?"

ಅವನು ಪ್ಲಾನು ತಿರುವಿ ನೋಡಿದ. "ನಿಮ್ಮಲ್ಲೇ ಅದೆ ಅಂತ ಬರ್ದವ್ರೆ."

ಮಂಚಮ್ಮ ಹೊಂಗೆ ಮರದ ಕೆಳಗೆ ಹೋಗಿ ಕೂತು ಎಲೆಯಡಿಕೆ ಹಾಕಿಕೊಂಡಳು. ಒಳಗೆ ಕೆಲಸ ನಿಂತಿತು. ರಿಂಗುಗಳನ್ನೇ ಮರದ ಕೆಳಗೆ ತಂದುಕೊಡೋಣ ಅಂದರೆ, ರಿಂಗು ಕೋಣೆಯಿಂದ ಹೊರಗೆ ಬರಬಾರದು ಅಂತ ಆರನೇ ಕಲಮು. ಅದನ್ನು ಬರೆದ ಪುಣ್ಯಾತ್ಮ ಮತ್ತೆ ನಾನೇ.

ಮಂಗಳವಾರವೂ ಹಾಗೆಯೇ ಹೋಯಿತು. ಮರುದಿನ ಬೆಳಿಗ್ಗೆ ಮಾಲೀಕರಿಗೆ ಜ್ಞಾನೋದಯವಾಯಿತು. "ಕೋಣೆ ಒಳಗೆ ನೌಕರರು ಕಾಯಂ ಇರ್ಬೇಕು ಸರಿ. ಮಿಷನ್‌ಗಳಿಗೆ ಆ ರೂಲ್ಸ್ ಇಲ್ವಲ್ಲ? ಆಸ್ತಿ ರಿಜಿಸ್ಟರ್‌ಗೆ ಮಂಚಮ್ಮನ್ನ ಸೇರ್ಸ್ಬುಡಿ."

"ಸಾರ್, ಅವಳು ಮನುಷ್ಯಳು."

"ಇನ್ಸ್‌ಪೆಕ್ಷನ್ ಮುಗಿಯೋವರ್ಗೂ ಅಷ್ಟೇ ಕಣ್ರೀ."

ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಂಪ್ರೆಸರು ನೂರಾ ಹನ್ನೊಂದನೇ ಆಸ್ತಿ, ಅದರ ಕೆಳಗೆ ನೂರಾ ಹನ್ನೆರಡು ಅಂತ ಮಂಚಮ್ಮನನ್ನು ಬರೆದೆ. ಆಸ್ತಿ ನಂಬರಿನ ಸ್ಟಿಕ್ಕರನ್ನು ಅವಳ ಏಪ್ರನ್ನಿಗೆ ಅಂಟಿಸಿದೆ. ಅವಳು ಸ್ಟಿಕ್ಕರನ್ನೂ ನನ್ನನ್ನೂ ನೋಡಿದಳು. "ಕಂಪ್ರೆಸ್ರಿಗೆ ವರ್ಸಕ್ಕೊಂದ್ ಕಿತ ಬಣ್ಣ ಒಡೀತೀರಿ, ನಂಗೂ ಒಡೀತೀರಾ ಸಾ?" ಅಂದು ಒಳಗೆ ಹೋಗಿ ಬಳೆ ತೆಗೆದಿಟ್ಟಳು. ಸಿದ್ದಲಿಂಗಸ್ವಾಮಿ ಸಲ್ಯೂಟ್ ಹೊಡೆದು ಬಾಗಿಲು ಬಿಟ್ಟಿದ್ದ.

ಸಂಜೆ ಐದೂವರೆಗೆ ಗದ್ದಲ ಎದ್ದಿತು. ಮಂಚಮ್ಮ ಗೇಟಿನ ಹತ್ತಿರ ಬುತ್ತಿಚೀಲ ಹಿಡಿದು ನಿಂತಿದ್ದಾಳೆ, ಸಿದ್ದಲಿಂಗಸ್ವಾಮಿ ಬಿಡುತ್ತಿಲ್ಲ. "ಕಂಪನಿ ಆಸ್ತಿ ಗೇಟು ದಾಟ್ಬೇಕಾದ್ರೆ ಮಾಲೀಕ್ರು ಸಹಿ ಹಾಕಿದ ಗೇಟ್‌ಪಾಸ್ ಬೇಕು." ನಾನು ರೇಗಿದೆ, "ಲೋ, ತಲೆ ಕೆಟ್ಟಿದೆಯೇನೋ? ಮನೆಗೆ ಹೋಗೋರನ್ನ ಹಿಡಿದು ನಿಲ್ಲಿಸ್ತೀಯಲ್ಲ!" ಅವನು ಶಾಂತವಾಗಿ ನನ್ನ ಪ್ಲಾನಿನ ಹನ್ನೊಂದನೇ ಕಲಮು ತೋರಿಸಿದ.

ಹಾಗೂ ಹೀಗೂ ನಾನು ಅವನನ್ನು ಒಪ್ಪಿಸುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಮಂಚಮ್ಮನೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. "ಅವ್ನು ಸರ್ಯಾಗೇ ಯೋಳ್ತಾವ್ನೆ ಸಾ. ನಾನು ಸಾಮಾನು. ಸಾಮಾನು ತಾನಾಗೇ ನಡ್ಕಂಡ್ ಓಗ್ತದಾ? ದಣಿಗೋಳು ಬಂದು ಸಹಿ ಆಕ್ಲಿ, ಆಮ್ಯಾಕೆ ಓಯ್ತೀನಿ." ಅವಳ ಗಂಡ ಫೋನು ಮಾಡಿದ. "ಅನ್ನಕ್ಕಿಡಿ, ನಂಗೆ ಗೇಟ್‌ಪಾಸ್ ಆಗಿಲ್ಲ" ಅಂದಳು.

ಆಗಲೇ ಮನೆ ಸೇರಿದ್ದ ವಿಜಯ್‌ಕುಮಾರ್ ಯಾದವಗಿರಿಯಿಂದ ಕಾರು ತಿರುಗಿಸಿಕೊಂಡು ಬಂದರು. ಗೊಣಗುತ್ತಾ ಗೇಟ್‌ಪಾಸಿನಲ್ಲಿ 'ಮಂಚಮ್ಮ, ಒಂದು' ಅಂತ ಬರೆದು ಸಹಿ ಹಾಕಿದರು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಬಿಡುವುದಕ್ಕೂ ಅವರೇ ಬಂದು ಸಹಿ ಹಾಕಬೇಕಾಯಿತು. ಹತ್ತು ಗಂಟೆಗೆ ಮುಂಚೆ ಅವರ ಮುಖವನ್ನು ಕಾರ್ಖಾನೆಯಲ್ಲಿ ನಾವು ಕಂಡದ್ದು ಅದೇ ಮೊದಲು.

ಅದೇ ಗುರುವಾರ ತಪಾಸಣೆಯ ಪ್ರಸಾದ್ ಬೆಂಗಳೂರಿನಿಂದ ಬಂದರು. ಕುಂಕುಮದ ಡ್ರಾಯಿಂಗು ನೋಡಿ, ಇಷ್ಟು ಭದ್ರವಾಗಿ ಮುಚ್ಚಿಟ್ಟ ಗುಟ್ಟನ್ನು ಬೇರೆಲ್ಲೂ ಕಂಡಿಲ್ಲ ಅಂತ ಮೆಚ್ಚಿಕೊಂಡರು. ಆಸ್ತಿ ನೂರಾ ಹನ್ನೆರಡರ ಮುಂದೆ ನಿಂತು, "ಇದರ ಇನ್ನೊಂದು ಪ್ರತಿ ಇದೆಯಾ?" ಅಂತ ಕೇಳಿದರು. "ನಮ್ಮವ್ವ ಒಂದೇ ಎತ್ತಿದ್ದು" ಅಂದಳು ಮಂಚಮ್ಮ, ಕೈ ನಿಲ್ಲಿಸದೆ. ಪ್ರಸಾದ್ ನಗಲಿಲ್ಲ, ಟಿಕ್ ಹಾಕಿಕೊಂಡರು. ಆಮೇಲೆ ಕಂಟ್ರಾಕ್ಟರ್ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದರು. "ಇದು ನಿಮ್ಮ ಆಸ್ತಿ ಅಲ್ಲವಲ್ಲ ವಿಜಯ್‌ಕುಮಾರ್? ಕಂಟ್ರಾಕ್ಟರದು. ನಾಳೆ ಆತ ಬೇರೆ ಫ್ಯಾಕ್ಟರಿಗೆ ಕಳಿಸಿದರೆ ನಿಮ್ಮ ತಂತ್ರಜ್ಞಾನ ಗೇಟು ದಾಟಿದ ಹಾಗೇ. ನಾನು ಸಹಿ ಹಾಕಲಾರೆ."

ಇಪ್ಪತ್ತೆರಡು ವರ್ಷ ಆಗದ್ದು ಇಪ್ಪತ್ತು ನಿಮಿಷದಲ್ಲಿ ಆಯಿತು. ನೇಮಕಾತಿ ಪತ್ರ ಟೈಪಾಗಿ, ಸಹಿಯಾಗಿ, ಸೀಲು ಬಿದ್ದು ಬಂತು. ಸ್ಟಿಕ್ಕರು ಕಿತ್ತೆವು. ಪ್ರಸಾದ್ ಸಹಿ ಹಾಕಿ ಕಾಫಿ ಕುಡಿದು ಹೊರಟರು.

ಸಂಜೆ ಮಂಚಮ್ಮ ಪತ್ರ ಹಿಡಿದು ಸ್ಟೋರ್ಸಿಗೆ ಬಂದಳು. ಕೈ ತೊಳೆದು ಒರೆಸಿಕೊಂಡೇ ಬಂದಿದ್ದಳು. "ಓದಿ ಯೋಳಿ ಸಾ."

ಓದಿದೆ. ಹೆಸರು, ಮಂಚಮ್ಮ. ಕಾಯಂ ನೌಕರಳು. ಹುದ್ದೆ ಮತ್ತು ಕೆಲಸದ ವಿವರ ಅನ್ನುವಲ್ಲಿ ನಿಂತುಬಿಟ್ಟೆ.

"ಅದೇನ್ ಬರ್ದವ್ರೆ?"

"ಏನೂ ಬರೆದಿಲ್ಲ ಕಣಮ್ಮ. ಖಾಲಿ ಬಿಟ್ಟಿದ್ದಾರೆ." ಗೇಟು ದಾಟುವ ಯಾವ ಕಾಗದದಲ್ಲೂ ಒಳಕೋಣೆಯ ಕೆಲಸದ ಬಗ್ಗೆ ಒಂದಕ್ಷರವೂ ಇರಕೂಡದು, ಒಂಬತ್ತನೇ ಕಲಮು. ಅದನ್ನು ಬರೆದವನೂ ನಾನೇ.

ಅವಳು ಸಿಟ್ಟು ಮಾಡಲಿಲ್ಲ. "ಇಷ್ಟ್ ದಿನ ಎಲ್ಪರ್ ಅಂತಾನಾದ್ರೂ ಇತ್ತು" ಅಂದಳು. ಹಾಳಾಗಿ ಹೋಗಲಿ ಕಲಮು ಅಂತ ಪೆನ್ನು ತೆಗೆದು ಖಾಲಿ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದೆ: 'ರಿಂಗನ್ನು ಕೈಯಿಂದ ಉಜ್ಜಿ ಮುಗಿಸುವುದು. ಇಪ್ಪತ್ತೆರಡು ವರ್ಷದಿಂದ ಈಕೆಯೇ ಮಾಡುತ್ತಿದ್ದಾಳೆ. ಒಂದೂ ಸೋರಿಲ್ಲ.' ಸ್ಟೋರ್ಸ್ ಸೀಲು ಒತ್ತಿ ಓದಿ ಹೇಳಿದೆ. ಇನ್ನೊಂದು ಸಲ ಓದಿ ಅಂದಳು, ಓದಿದೆ. ಅವಳು ಅದನ್ನು ಮಡಚಿ ಬುತ್ತಿಚೀಲದಲ್ಲಿಟ್ಟು ಗೇಟಿನ ಕಡೆ ನಡೆದಳು. ನಾನೂ ಹಿಂದೆಯೇ ಹೋದೆ.

ಸಿದ್ದಲಿಂಗಸ್ವಾಮಿ ಚೀಲದಲ್ಲಿದ್ದ ಪತ್ರ ತೆಗೆಸಿ, ಬೆರಳಿಟ್ಟುಕೊಂಡು ಪೂರ್ತಿ ಓದಿದ. ನನ್ನನ್ನು ನೋಡಿದ, ನಾನು ಆಕಾಶ ನೋಡಿದೆ. ಅವನು ಪ್ಲಾನು ತೆರೆಯಲಿಲ್ಲ, ಗೇಟು ದಾಟುವ ಸಾಮಾನಿನ ರಿಜಿಸ್ಟರ್ ತೆರೆದು ಪೆನ್ನಿನ ಕ್ಯಾಪು ತೆಗೆದ.

"ವಾಪಸ್ ಬರೋದಾ, ಬರದೇ ಇರೋದಾ?"

"ಬೆಳಿಗ್ಗೆ ಎಂಟಕ್ಕೆ ನಾನ್ ಬತ್ತೀನಿ ಕಣಪ್ಪ," ಅಂದಳು ಮಂಚಮ್ಮ. "ಕಾಗ್ದ ಬರಾಕಿಲ್ಲ."