ಲಾಯರಿಗೇ ಪರೀಕ್ಷೆ ಇಟ್ಟ ಅಕ್ಕ

ಕ್ಯಾತನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ, ಯಾರು ಏನೇ ಹೇಳಿದರೂ ಗಲ್ಲಕ್ಕೆ ಬೆರಳಿಟ್ಟು ಕೇಳಿ, "ಅದಿರ್ಲಿ" ಎಂದು ತಮ್ಮ ಪ್ರಶ್ನೆ ಹಾಕುತ್ತಿದ್ದರು. ಡೈರಿಗೆ ಹಾಲು ಒಯ್ಯುವಾಗ ಕಾರೊಂದು ಗುದ್ದಿ ಅವರ ಬಲ ಮಂಡಿ ಮಡಚದಂತಾಯಿತು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾಗದೆ ಮೂರು ಹಸುಗಳಲ್ಲಿ ಎರಡನ್ನು ಮಾರಿದರು. ಕೊನೆಗೆ ಪರಿಹಾರದ ಕೇಸು ಹಾಕಲು ಲಾಯರನ್ನು ಹುಡುಕಿಕೊಂಡು ಹೊರಟರು. ಜೊತೆಗೆ ನಾನು.

ಪಾಂಡವಪುರದ ಲಾಯರು ಮೊಬೈಲಿನಿಂದ ತಲೆಯೆತ್ತದೆ ಎಲ್ಲ ಕೇಳಿಸಿಕೊಂಡು, ಸಹಿಗೆ ಕಾಗದ ಚಾಚಿದರು.

"ಅದಿರ್ಲಿ, ನಂಗೆ ಏಟಾಗಿರೋದು ಯಾವ ಕಾಲ್ಗೆ, ಯೋಳಿ ಸ್ವಾಮಿ?"

"ಎಡಗಾಲಿಗಲ್ವೇನಮ್ಮ?"

ಅಕ್ಕ ಬಲಗಾಲು ತಟ್ಟಿ ತೋರಿಸಿ ಎದ್ದರು. ಮೆಟ್ಟಿಲಿಳಿಯುವಷ್ಟರಲ್ಲಿ ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ್ದು ಚಿಕ್ಕ ವಯಸ್ಸಿನ ವಕೀಲೆ. "ಹಾಲು ಕರೆಯೋಕೆ ಹೇಗೆ ಕೂರ್ತೀರಿ, ತೋರಿಸಿ. ಜಡ್ಜಿಗೆ ನಾನು ವಿವರಿಸ್ಬೇಕು" ಎಂದರು.

"ಕೂರಕಾಗಿದ್ರೆ ನಿನ್ ತಾವ ಯಾಕವ್ವ ಬತ್ತಿದ್ದೆ? ನೀನೇ ಕೂತ್ಕ, ನಾನು ಯೋಳ್ಕೊಡ್ತೀನಿ."

ಆಕೆ ಕರಿಕೋಟಿನಲ್ಲೇ ನೆಲದ ಮೇಲೆ ಕುಕ್ಕರಿಸಿ, ಕಸದ ಬುಟ್ಟಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಗಾಳಿಯಲ್ಲಿ ಹಾಲು ಕರೆಯತೊಡಗಿದರು.

"ಬಿಗಿಯಾಗಿ ಇಡ್ಕ ಕಣವ್ವ, ಹಸ ಒದ್ಬುಡ್ತದೆ!" ಎಂದು ಅಕ್ಕ ಕೂಗಿದರು. ಒಳಗೆ ಬಂದ ಗುಮಾಸ್ತರ ಕೈಯಿಂದ ಫೈಲುಗಳು ಜಾರಿಬಿದ್ದವು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಕ್ಕ ಅಲ್ಲೇ ಸಹಿ ಹಾಕಿದರು.

ಕೇಸು ಎರಡು ವರ್ಷ ನಡೆದು ಅಕ್ಕನ ಪರವಾಗಿ ತೀರ್ಪು ಬಂತು. ಪರಿಹಾರದ ಹಣದಲ್ಲಿ ಹಾಲು ಕರೆಯುವ ಮಿಷನ್ನು ತಂದು, ಅದರ ಸ್ವಿಚ್ಚು ಹಾಕಲು ಆ ವಕೀಲೆಯನ್ನೇ ಕರೆಸಿದರು. ಮಿಷನ್ನು ಗುರ್ರೆಂದು ಹಾಲು ಎಳೆಯುತ್ತಿದ್ದಂತೆ, ಅಕ್ಕ ಕುರ್ಚಿಯಲ್ಲಿ ಕಾಲು ನೀಡಿ ಕೂತು ಮಕ್ಕಳಂತೆ ಚಪ್ಪಾಳೆ ತಟ್ಟಿದರು.