ಕಡ್ಡಿ ಬೋಳಾಗದ ದಾರಿ

ದೊಡ್ಡಬಳ್ಳಾಪುರದ ಸುತ್ತಲಿನ ದಾರಿಗಳನ್ನು ಎಲ್ಲರೂ ಕಿಲೋಮೀಟರಿನಲ್ಲಿ ಅಳೆದರೆ, ನಮ್ಮ ಬೀದಿಯ ಖಾಸಿಂ ಸಾಹೇಬರು ಕಡ್ಡಿಯಲ್ಲಿ ಅಳೆಯುತ್ತಾರೆ.

"ಘಾಟಿಗೆ ಟಾರು ರಸ್ತೇಲಿ ಹೋದ್ರೆ ನಾಲ್ಕು ಕಡ್ಡಿ ಮೇಷ್ಟ್ರೇ. ಗುಡ್ಡ ಹತ್ತಿ ಹೋದ್ರೆ ಹನ್ನೆರಡು. ನನ್ನ ದಾರೀಲಿ ಹೋದ್ರೆ ಒಂದೂ ಇಲ್ಲ."

ಮೂವತ್ತೊಂದು ವರ್ಷ ಸೈಕಲ್ಲಿನ ಮೇಲೆ ಐಸ್‌ಕ್ಯಾಂಡಿ ಮಾರಿದವರು ಅವರು. ಊರು ತಲುಪಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಎಷ್ಟು ಕ್ಯಾಂಡಿ ಕರಗಿ ಬರೀ ಕಡ್ಡಿ ಉಳಿದಿದೆಯೋ, ಆ ದಾರಿ ಅಷ್ಟು ಕಡ್ಡಿಯ ದಾರಿ. ಏರು, ಬಿಸಿಲು, ಹಳ್ಳಕೊಳ್ಳ ಎಲ್ಲವೂ ಆ ಒಂದು ಅಳತೆಯಲ್ಲಿ ಅಡಗಿರುತ್ತಿದ್ದವು. ಕರಗಿದ್ದನ್ನು ಅವರು ಮಾರುತ್ತಿರಲಿಲ್ಲ. ಘಾಟಿಯ ಕಡೆಯ ನನ್ನ ಶಾಲೆಯ ಮುಂದೆ ನಿಂತು, ಆ ಬಣ್ಣದ ನೀರನ್ನು ಮಕ್ಕಳ ಬೊಗಸೆಗೆ ಬಿಟ್ಟಿಯಾಗಿ ಸುರಿಯುತ್ತಿದ್ದರು. ಹಾಗಾಗಿ ನನ್ನ ಐದನೆಯ ತರಗತಿಯ ಮಕ್ಕಳು ಸಾಬರು ಇವತ್ತು ಗುಡ್ಡದ ದಾರಿಯಲ್ಲೇ ಬರಲಪ್ಪಾ ಎಂದು ದಿನವೂ ಬೇಡಿಕೊಳ್ಳುತ್ತಿದ್ದರು. ಆದರೆ ಸಾಹೇಬರು ತಮ್ಮ ದಾರಿ ಬಿಡುತ್ತಿರಲಿಲ್ಲ.

ಈಗ ಅವರಿಗೆ ಎಪ್ಪತ್ತು. ಮಂಡಿ ನೋವು. ಸೈಕಲ್ಲು ಗೋಡೆಗೆ ಒರಗಿದೆ. ಆದರೆ ಭಾನುವಾರ ಬೆಳಗಾದರೆ ಬೆಂಗಳೂರಿನಿಂದ ತಲೆಗೆ ಹೆಲ್ಮೆಟ್ಟು, ಮೈಗೆ ಬಿಗಿಯಾದ ಬಣ್ಣದ ಬಟ್ಟೆ ಹಾಕಿಕೊಂಡ ಸೈಕಲ್ ಸವಾರರು ನಮ್ಮ ಊರಿನ ಮೂಲಕ ಬೆಟ್ಟಗಳ ಕಡೆಗೆ ಸಾಲಾಗಿ ಹೋಗುತ್ತಾರೆ. ಸಾಹೇಬರು ಜಗಲಿಯ ಮೇಲೆ ಕುಳಿತು, "ಪಾಪ, ನಾಲ್ಕು ಕಡ್ಡಿ ದಾರೀಲಿ ಹೋಗ್ತಾವ್ರೆ" ಎಂದು ಮರುಗುತ್ತಾರೆ.

ಅವರ ಮೊಮ್ಮಗಳು ಸಿದ್ರಾ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಅವಳೂ ತೆಳ್ಳನೆಯ ಟೈರಿನ ಹಳೆಯ ಗೇರ್ ಸೈಕಲ್ಲೊಂದನ್ನು ಕೊಂಡಳು. ಯಲಹಂಕದ ಹೆಂಗಸರ ಸೈಕಲ್ ತಂಡದ ಮೋನಿಷಾ ಎಂಬಾಕೆ, ಮುಂದಿನ ಭಾನುವಾರ ಮೂವತ್ತು ಜನ ಘಾಟಿಗೆ ಬರುತ್ತೇವೆ, ದಾರಿ ತೋರಿಸಲು ನೀನೇ ಮುಂದಾಳು ಎಂದು ಅವಳನ್ನು ಕೇಳಿಕೊಂಡಿದ್ದಳು. ಅಡ್ಡ ಬಂದದ್ದು ಅಜ್ಜಿ ಅನ್ವರ್ ಬೇಗಂ.

"ಟಿಪ್ಪರ್ ಲಾರಿ ಓಡಾಡೋ ರಸ್ತೆ ಅದು. ಬೇಡ ಅಂದ್ರೆ ಬೇಡ."

"ನನ್ನ ದಾರೀಲಿ ಲಾರೀನೂ ಇಲ್ಲ, ಏರೂ ಇಲ್ಲ, ಉದ್ದಕ್ಕೂ ನೆರಳು," ಎಂದರು ಸಾಹೇಬರು.

"ಮದುವೆ ಆದಾಗ್ಲಿಂದ ಕೇಳ್ತಾ ಇದೀನಿ ಆ ದಾರಿ ಸುದ್ದಿ. ಸರಿ, ನಾನು ಬಸ್ಸಲ್ಲಿ ಘಾಟಿಗೆ ಹೋಗಿ ಕೂತಿರ್ತೀನಿ. ಅವ್ಳು ನಿಮ್ಮ ದಾರೀಲಿ ಒಂದು ಕ್ಯಾಂಡಿ ತರ್ಲಿ. ನೆಕ್ಕೋಕೆ ಏನಾದ್ರೂ ಉಳಿದಿದ್ರೆ ಭಾನುವಾರ ಹೋಗ್ಲಿ. ಇಲ್ದಿದ್ರೆ ಸೈಕಲ್ ಮಾರ್ಬಿಡ್ಲಿ."

ಸಿದ್ರಾಳ ಮುಖ ಸಣ್ಣಗಾಯಿತು. ಸಾಹೇಬರ ಮುಖವೂ.

ಆ ದಾರಿ ಫೋನಿನಲ್ಲಿ ಸಿಗುವುದಿಲ್ಲ. ನಮ್ಮ ಅರ್ಕಾವತಿ ನೀರಿಗಿಂತ ಹೆಚ್ಚಾಗಿ ಹೆಸರಿನಲ್ಲೇ ಹರಿಯುವ ನದಿ. ಆ ಕಣಿವೆಯಲ್ಲಿ ಗುಡ್ಡದ ಬುಡಕ್ಕೆ ಹೊಂದಿಕೊಂಡು ಕೆರೆಯಿಂದ ಕೆರೆಗೆ ಬಳಸುತ್ತಾ ಹೋಗುವ ದಾರಿ ಅದು. ಸಾಹೇಬರು ಕ್ಯಾಲೆಂಡರ್ ಹಾಳೆಯ ಹಿಂದೆ ಅದನ್ನು ಬರೆದು, ತಿದ್ದಿಕೊಡಲು ನನ್ನ ಬಳಿಗೆ ತಂದರು. ಕೆಂಪು ಪೆನ್ನು ಕೈಗೆ ಬಂದರೆ ನನಗೆ ಇಂದಿಗೂ ಉತ್ಸಾಹ. 'ವೋಗು' ಎಂಬುದನ್ನು 'ಹೋಗು' ಮಾಡಿದೆ. 'ಕೆರೆ ಯೇರಿ ಮ್ಯಾಲೆ ವೋಗು' ಎಂಬಲ್ಲಿ ಸ್ವಲ್ಪ ಹೊತ್ತು ನಿಂತೆ.

"ಸಾಹೇಬರೇ, ಏರಿ ಎಂದರೇ ಕೆರೆಯ ಕಟ್ಟೆ. ಮತ್ತೆ ಕೆರೆ ಎನ್ನುವುದು ಪುನರುಕ್ತಿ ದೋಷ," ಎಂದು 'ಕೆರೆ'ಯನ್ನು ಹೊಡೆದುಹಾಕಿದೆ.

"ಇರ್ಲಿ ಬಿಡಿ ಮೇಷ್ಟ್ರೇ. ಒಂದು ಕೆರೆ ಏನ್ ಭಾರ ಆಗುತ್ತೆ?"

ನಾನು ಕೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಪರೀಕ್ಷೆ. ಸಾಹೇಬರ ಹಳೆಯ ಮರದ ಪೆಟ್ಟಿಗೆಯನ್ನು ಕಟ್ಟಲು ಸಿದ್ರಾಳ ಸೈಕಲ್ಲಿಗೆ ಕ್ಯಾರಿಯರ್ರೇ ಇರಲಿಲ್ಲ. "ಇದೆಂಥ ಸೈಕಲ್ಲಮ್ಮ, ಸಾಮಾನಿಗೂ ಜಾಗ ಇಲ್ಲ, ಸಂಸಾರಕ್ಕೂ ಜಾಗ ಇಲ್ಲ" ಎಂದು ಗೊಣಗುತ್ತಾ, ಅವರು ಥರ್ಮಾಕೋಲಿನ ಪುಟ್ಟ ಡಬ್ಬಕ್ಕೆ ಮರದ ಹೊಟ್ಟು ತುಂಬಿ, ಕಿತ್ತಳೆ ಬಣ್ಣದ ಕ್ಯಾಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗಿಟ್ಟು, ಅವಳ ಬೆನ್ನಿಗೆ ಕಟ್ಟಿದರು. ಅವಳು ಹೊರಟಳು. ಸಾಹೇಬರು, ಬೇಗಂ ಮತ್ತು ತೀರ್ಪುಗಾರನೆಂದು ನಾನು ಬಸ್ಸು ಹತ್ತಿದೆವು.

ಘಾಟಿಯ ಬಸ್‌ಸ್ಟಾಪಿನ ಪಕ್ಕದಲ್ಲಿ ಸೌತೆಕಾಯಿ ಮಾರುವ ಮುನಿತಾಯಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಸಾಹೇಬರನ್ನು ಕಂಡ ಕೂಡಲೇ, "ಏನ್ ಐಸ್ ಸಾಬ್ರೇ, ಪೆಟ್ಟಿಗೆ ಎಲ್ಲಿ? ಬರಿಗೈಲಿ ಬಂದ್ಬಿಟ್ರಾ?" ಎಂದಳು.

"ಬರ್ತಾ ಐತೆ ಕಣಮ್ಮ, ಹಿಂದೆ."

ಒಂಬತ್ತೂವರೆ ಆಯಿತು, ಹತ್ತಾಯಿತು. ಸಾಹೇಬರು ಕೂರಲಾರರು, ಮಂಡಿ ನೋವಿಗೆ ನಿಲ್ಲಲಾರರು. ಬೇಗಂ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿಸಿಕೊಂಡು ತಿನ್ನುತ್ತಾ, "ನಿಮ್ಮ ದಾರಿ ಬಲು ಉದ್ದ ಕಾಣುತ್ತೆ" ಎಂದರು. ಮಾತು ಹಗುರವಾಗಿತ್ತು. ಕಣ್ಣು ಮಾತ್ರ ರಸ್ತೆಯಿಂದ ಕದಲಲಿಲ್ಲ.

ಹತ್ತೂಕಾಲಿಗೆ ಸಿದ್ರಾ ಬಂದಳು. ಆದರೆ ಬಂದದ್ದು ಕೆರೆಯ ಕಡೆಯಿಂದಲ್ಲ, ಗುಡ್ಡದ ಕಡೆಯಿಂದ! ಮುಖ ಕೆಂಪಗೆ, ಮೈಯೆಲ್ಲ ಧೂಳು. ಇಳಿಜಾರಿನ ಕುಲುಕಾಟಕ್ಕೆ ಡಬ್ಬದ ಮುಚ್ಚಳ ಎಲ್ಲೋ ಹಾರಿಹೋಗಿತ್ತು. ಕವರಿನೊಳಗೆ ಕಿತ್ತಳೆ ನೀರು, ಅದರಲ್ಲಿ ತೇಲುವ ಒಂದು ಬೋಳು ಕಡ್ಡಿ.

"ಅಯ್ಯೋ, ಆ ಏರನ್ನ ನಾನೇ ಸೈಕಲ್ ತಳ್ಕೊಂಡು ಹತ್ತುತಿದ್ದೆ. ನೀನು ಯಾಕಮ್ಮ ಅಲ್ಲಿಗೆ ಹೋದೆ?"

"ನೀವೇ ಬರ್ದಿದೀರಲ್ಲ ದಾದಾ!" ಅವಳು ಹಾಳೆ ಬಿಚ್ಚಿ ಓದಿದಳು. "ಎರಡು ದಾರಿ ಸಿಗುತ್ತೆ. ಏರಿ ಮೇಲೆ ಹೋಗು. ಏರಿದೆ, ಮೇಲೆ ಹೋದೆ!"

ನಾನು ಹಾಳೆ ಈಸಿಕೊಂಡು ನೋಡಿದೆ. ಪೇಟೆಯಲ್ಲಿ ಬೆಳೆದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಹುಡುಗಿ. ನಾನು ನಾಮಪದವೆಂದು ಬಿಟ್ಟದ್ದನ್ನು ಅವಳು ಕ್ರಿಯಾಪದವೆಂದು ಓದಿಕೊಂಡಿದ್ದಳು. 'ಕೆರೆ' ಎಂಬ ಮಾತೊಂದು ಇದ್ದಿದ್ದರೆ ಕಟ್ಟೆಯ ಮೇಲೆ ತಣ್ಣಗೆ ಬರುತ್ತಿದ್ದಳು.

"ತಪ್ಪು ನನ್ನದಮ್ಮ," ಎಂದು ಬೇಗಂ ಅವರಿಗೆ ಎಲ್ಲವನ್ನೂ ಹೇಳಿದೆ. ಮುನಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಗೆ ಎಷ್ಟು ಸಲ ಕಿವಿ ಹಿಂಡಿದೀರ ಮೇಷ್ಟ್ರೇ!"

"ಪ್ರಶ್ನೆಪತ್ರಿಕೇನೇ ತಪ್ಪಿದ್ರೆ ಎಲ್ಲರಿಗೂ ಗ್ರೇಸ್ ಮಾರ್ಕ್ಸ್ ಕೊಡ್ತಾರಲ್ವಾ ಸರ್?" ಎಂದಳು ಸಿದ್ರಾ, ಅಜ್ಜಿಯ ಕಡೆ ಓರೆಯಾಗಿ ನೋಡುತ್ತಾ.

"ಗ್ರೇಸೂ ಇಲ್ಲ, ಗೀಸೂ ಇಲ್ಲ," ಎಂದರು ಬೇಗಂ. ಆದರೆ ಮೊದಲು ಮೊಮ್ಮಗಳ ಮುಖದ ಧೂಳನ್ನು ತಮ್ಮ ದುಪಟ್ಟಾದ ತುದಿಯಿಂದ ಒರೆಸಿದರು. ಆಮೇಲೆ ಸಾಹೇಬರ ಮುಂದೆ ಬೊಗಸೆ ಒಡ್ಡಿದರು. "ಕರಗಿದ್ದು ಬಿಟ್ಟಿ ತಾನೇ? ಹಾಕಿ."

ಸಾಹೇಬರು ಕಿತ್ತಳೆ ನೀರು ಸುರಿದರು. ಬೇಗಂ ಕುಡಿದು, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು.

"ಮತ್ತೆ ಪರೀಕ್ಷೆ. ಈಗ್ಲೇ. ಅಲ್ಲಿ ಅಂಗಡೀಲಿ ಕ್ಯಾಂಡಿ ಸಿಗುತ್ತೆ. ತಗೊಂಡು ಇವರ ದಾರೀಲಿ ಮನೆಗೆ ಹೋಗು. ನಾವು ಬಸ್ಸಲ್ಲಿ ಬರ್ತೀವಿ."

"ಬಿಸಿಲು ಏರ್ತಾ ಐತೆ ಬೇಗಂ..." ಎಂದರು ಸಾಹೇಬರು.

"ಒಂದೂ ಕಡ್ಡಿ ಇಲ್ಲ ಅಂದೋರು ನೀವೇ."

ನಾನು ಪೆನ್ನು ತೆಗೆದು, 'ಏರಿ'ಯ ಹಿಂದೆ 'ಕೆರೆ' ಎಂದು ದಪ್ಪಗೆ ಬರೆದೆ. ಸಾಹೇಬರಿಗೆ ಅಷ್ಟಕ್ಕೇ ಧೈರ್ಯ ಸಾಲದೆ, ಅಡಿಯಲ್ಲಿ ನೀರಿನ ಅಲೆ, ಮೇಲೊಂದು ಮೀನು ಬಿಡಿಸಿದರು. ಹೋದ ಮುಚ್ಚಳಕ್ಕೆ ಬದಲಾಗಿ ಮುನಿತಾಯಮ್ಮ ಸೌತೆಕಾಯಿಗೆ ಹೊದಿಸಿದ್ದ ಒದ್ದೆ ಗೋಣಿಯ ತುಂಡನ್ನು ಬಿಗಿದು ಕಟ್ಟಿದಳು.

ಬಸ್ಸಿನಲ್ಲಿ ಸಾಹೇಬರು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆ ಎಂದುಕೊಂಡೆ. ಕಿವಿಗೊಟ್ಟರೆ, "ಈಗ ಮೊದಲ್ನೇ ಕೆರೆ... ಈಗ ಹೊಂಗೆ ಮರದ ಸಾಲು... ಈಗ ಅಳ್ಳಿಮರ..." ಎನ್ನುತ್ತಿದ್ದರು. ಮಂಡಿ ನೋವಿನ ಕಾಲುಗಳು ಸೀಟಿನ ಕೆಳಗೆ ಮೆಲ್ಲಗೆ ಪೆಡಲ್ ತುಳಿಯುತ್ತಿದ್ದವು.

ಹಳ್ಳಿಹಳ್ಳಿಗೂ ನಿಲ್ಲುತ್ತಾ ಬಂದ ಬಸ್ಸಿಳಿದು ನಾವು ಮನೆ ತಲುಪಿದಾಗ ಸಿದ್ರಾ ಆಗಲೇ ಜಗಲಿಯ ಮೇಲೆ ಕುಳಿತಿದ್ದಳು. ಸಾಹೇಬರಿಗೆ ಗೋಣಿ ಬಿಚ್ಚಲು ಧೈರ್ಯ ಬರಲಿಲ್ಲ. ಬೇಗಂ ತಾವೇ ಬಿಚ್ಚಿದರು. ಮೂಲೆಗಳು ಕೊಂಚ ದುಂಡಗಾಗಿದ್ದವು, ಅಷ್ಟೇ. ಕ್ಯಾಂಡಿ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಬೇಗಂ ಜಗಲಿಯ ತುದಿಯಲ್ಲಿ ಕುಳಿತು, ಹಲ್ಲು ಜುಮ್ಮೆಂದರೂ ಬಿಡದೆ, ನಮ್ಮ ಮೂವರ ಕಣ್ಣೆದುರೇ ಪೂರ್ತಿ ತಿಂದು ಮುಗಿಸಿದರು. ಆಮೇಲೆ ಕಡ್ಡಿಯನ್ನು ಸಾಹೇಬರ ಕೈಗಿಟ್ಟರು.

"ತಗೊಳ್ಳಿ. ಈಗ ನಿಮ್ಮ ದಾರೀನೂ ಒಂದು ಕಡ್ಡಿ ದಾರಿ ಆಯ್ತು."

"ಅದು ನೀನು ತಿಂದಿದ್ದು! ದಾರೀಲಿ ಕರಗಿದ್ದಲ್ಲ!" ಸಾಹೇಬರು ಮೂವತ್ತೊಂದು ವರ್ಷದ ಮಾನವೇ ಹೋದಂತೆ ಕೂಗಿದರು. "ಮೇಷ್ಟ್ರೇ, ನೀವಾದ್ರೂ ಹೇಳಿ!"

ಬೇಗಂ ಅತ್ತ ತಿರುಗಿಯೂ ನೋಡದೆ ಮೊಮ್ಮಗಳನ್ನು ಕೇಳಿದರು. "ಭಾನುವಾರ ಆ ಮೂವತ್ತು ಜನ ಎಷ್ಟೊತ್ತಿಗೆ ಬರ್ತಾರಂತೆ? ನಾಷ್ಟಾ ಏನು ಮಾಡ್ಲಿ?"