ಒಂದು ಹಲಗೆ ಸಾಕೇ

ನಾನು ನಿಂತಿದ್ದದ್ದು ಕ್ರೇನಿನ ಮುಂದಿನ ಎಡಗಾಲಿನಿಂದ ಆರು ಹೆಜ್ಜೆ ದೂರದಲ್ಲಿ, ನೆಲಕ್ಕೆ ಬಳಿದ ಹಳದಿ ಗೆರೆಯ ಹೊರಗೆ. ಮಲೇಷ್ಯಾದ ಬಯಾನ್ ಲೆಪಾಸ್‌ನ ಕಾರ್ಖಾನೆಗಳ ಹಿಂದೆ ಒಂದು ತರಬೇತಿ ಅಂಗಳವಿತ್ತು, ಅಲ್ಲಿ. ಸಾಂಕ್ರಾಮಿಕದ ಎರಡನೆಯ ವರ್ಷ, ಮಂಗಳವಾರ, ಬೆಳಗ್ಗೆ ಹತ್ತಕ್ಕೆ ಕಾಲು ಗಂಟೆ ಕಡಿಮೆ. ಸಮಯ ಸರಿಯಾಗಿ ಗೊತ್ತಿರುವುದಕ್ಕೆ ಕಾರಣ, ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಅದನ್ನು ಆಗಷ್ಟೇ ಬರೆದಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ನೆಲ ಮೇಲೆ ಒಣಗಿದಂತೆ ಕಾಣುತ್ತಿತ್ತು.

ಅಂದು ಇಬ್ಬರಿಗೆ ಪರೀಕ್ಷೆ. ಕ್ರೇನ್ ನಡೆಸುವ ಪರವಾನಗಿಗಾಗಿ ಬಂದಿದ್ದವನು ಒಬ್ಬ. ಅವನನ್ನು ಪರೀಕ್ಷಿಸಲು ನಿಂತಿದ್ದ ನಾನು ಇನ್ನೊಬ್ಬ. ಅಪಾಯದ ಕೆಲಸಗಳಿಗೆ ಪರವಾನಗಿ ಕೊಡುವ ಮೊದಲು ಪರೀಕ್ಷೆ ಮಾಡುವವನಿಗೂ ಮಾನ್ಯತೆ ಬೇಕು. ನನ್ನದೇ ಪರವಾನಗಿ ಚಾಲ್ತಿಯಲ್ಲಿರಬೇಕು, ಅದೇ ಕೆಲಸದಲ್ಲಿ ವರ್ಷಗಳ ಅನುಭವವಿರಬೇಕು, ತರಬೇತಿ ಮುಗಿಸಿರಬೇಕು, ಅಭ್ಯರ್ಥಿ ನನ್ನ ನೆಂಟನಾಗಲಿ ನನ್ನ ಕಂಪನಿಯವನಾಗಲಿ ಆಗಿರಬಾರದು. ಅದೆಲ್ಲ ಕಾಗದದಲ್ಲಿ ಮುಗಿದಿತ್ತು. ಉಳಿದದ್ದು ಕೊನೆಯದು: ನಾನು ಒಬ್ಬನನ್ನು ಪರೀಕ್ಷಿಸುವುದನ್ನು ಹಿರಿಯ ಪರೀಕ್ಷಕರೊಬ್ಬರು ನಿಂತು ನೋಡಬೇಕು.

ಆ ಹಿರಿಯರು ಒಬ್ಬ ಮಲಯ ಮಹಿಳೆ. ಎಲ್ಲರೂ ಅವರನ್ನು ಪುಆನ್ ಎಂದು ಕರೆಯುತ್ತಿದ್ದರು, ಅಮ್ಮಾ ಎಂದಂತೆ, ಆದರೆ ಕಚೇರಿಯ ಗೌರವದಲ್ಲಿ. ಅವರು ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಹಾಗಾಗಿ ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಹೆಲ್ಮೆಟ್ಟಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಇದು ಮುಂದೆ ಮುಖ್ಯವಾಗುತ್ತದೆ.

ಅಭ್ಯರ್ಥಿ ಬಟರ್‌ವರ್ತ್‌ನ ತಮಿಳು ಮನೆಯವನು, ನಲವತ್ತರ ಹತ್ತಿರದ ವಯಸ್ಸು. ಹದಿನೈದು ವರ್ಷ ಕ್ರೇನಿನ ಕೆಳಗೆ ನಿಂತು ಭಾರಕ್ಕೆ ಹಗ್ಗ, ಸರಪಳಿ ಬಿಗಿದವನು. ಈಗ ಮೇಲೆ ಕೂತು ನಡೆಸುವ ಕೆಲಸ ಸಿಗುವುದರಲ್ಲಿತ್ತು. ಬಂದರಿನವರು ತಿಂಗಳ ಕೊನೆಯವರೆಗೆ ಜಾಗ ಹಿಡಿದಿಟ್ಟಿದ್ದರು. ಎಂಸಿಒ, ಅಂದರೆ ಇಲ್ಲಿಯ ಲಾಕ್‌ಡೌನ್, ಅವನ ಪರೀಕ್ಷೆಯನ್ನು ಮೂರು ಸಲ ಮುಂದೂಡಿತ್ತು. ಇದನ್ನೆಲ್ಲ ಅವನು ಬೆಳಗ್ಗೆ ಜ್ವರ ನೋಡುವ ಸಾಲಿನಲ್ಲಿ ನಿಂತಾಗ ಹೇಳಿದ್ದ. ನಾನು ಕೇಳಬಾರದಿತ್ತು, ಆದರೆ ಕೇಳಿದೆ.

ಇನ್ನೊಬ್ಬರು ಕ್ರೇನಿಗೆ ಕೈಸನ್ನೆ ಕೊಡುವ ಹಿರಿಯ, ಅಂಗಳದವರೇ. ಅರವತ್ತು ದಾಟಿದ ಮಲಯ ಮನುಷ್ಯ. ಅವರನ್ನು ನಾವು ಪಾಕ್‌ಚಿಕ್, ಚಿಕ್ಕಪ್ಪ, ಎನ್ನುತ್ತಿದ್ದೆವು. ಅವರು ಎತ್ತಬೇಕಾದ ಸಿಮೆಂಟಿನ ದಿಮ್ಮಿಯಿಂದ ಎರಡು ಮಾರು ದೂರದಲ್ಲಿದ್ದರು.

ಭಾರ ಎತ್ತುವ ಮೊದಲು ಕ್ರೇನಿನ ನಾಲ್ಕು ಕಾಲುಗಳನ್ನು ಹೊರಕ್ಕೆ ಚಾಚಿ, ಒಂದೊಂದರ ಅಡಿಗೂ ದಪ್ಪ ಹಲಗೆ ಇಡಬೇಕು. ಅಭ್ಯರ್ಥಿ ಮೂರು ಕಾಲು ಮುಗಿಸಿ ನಾಲ್ಕನೆಯದಕ್ಕೆ ಬಂದ. ಅದೇ ನನ್ನ ಎದುರಿನ ಎಡಗಾಲು. ಹಲಗೆ ಇಟ್ಟ, ಬೂಟಿನ ಹಿಮ್ಮಡಿಯಿಂದ ನೆಲ ಒತ್ತಿ ನೋಡಿದ, ಅನುಮಾನ ಬಂದಂತೆ ನಿಂತ. ಆಮೇಲೆ ನನ್ನತ್ತ ತಿರುಗಿ, ಎಂಜಿನ್ನಿನ ಸದ್ದನ್ನು ಮೀರಿಸುವಂತೆ ತಮಿಳಿನಲ್ಲಿ ಕೇಳಿದ: "ಸಾರ್, ಒಂದು ಹಲಗೆ ಪೋದುಮಾ?" ಸಾಕಾ ಎಂದು. ಅಷ್ಟು ತಮಿಳು ಪುಆನ್‌ಗೂ ತಿಳಿಯುತ್ತಿತ್ತು.

ಪರೀಕ್ಷೆಯ ನಡುವೆ ಅಭ್ಯರ್ಥಿ ಏನಾದರೂ ಕೇಳಿದರೆ ಹೇಳಲು ಒಂದೇ ವಾಕ್ಯವಿದೆ. ಅದನ್ನು ಕಾಗದದಲ್ಲೇ ಅಚ್ಚು ಹಾಕಿರುತ್ತಾರೆ: ನಿಮ್ಮ ಕೆಲಸದ ಜಾಗದಲ್ಲಿ ಹೇಗೆ ಮಾಡುತ್ತೀರೋ ಹಾಗೆ ಮಾಡಿ. ಮಾತಿನಿಂದಾಗಲಿ, ಕೈಯಿಂದಾಗಲಿ, ಕಣ್ಣಿನಿಂದಾಗಲಿ ಸುಳಿವು ಕೊಡಬಾರದು. ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಮುಖಕ್ಕೆ ಎರಡು ಪದರ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಪರದೆ. ಕೂಗಿದರೂ ಅವನಿಗೆ ಕೇಳುವುದಿಲ್ಲ ಅನ್ನಿಸಿತು. ವಾಕ್ಯ ಹೇಳುವ ಬದಲು ನಾನು ತಲೆ ಆಡಿಸಿದೆ.

ಹೇಗೆ ಆಡಿಸಿದೆ ಎಂದು ಸರಿಯಾಗಿ ಬರೆಯಬೇಕು. ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ತಿರುಗಿಸಿದ್ದೂ ಅಲ್ಲ. ಕಿವಿ ಭುಜದತ್ತ ವಾಲುವಂತೆ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ಊರಿನಲ್ಲಿ ಯಾರಾದರೂ ಮಾತಾಡುವಾಗ ನಾವೆಲ್ಲ ಮಾಡುವುದೇ. ನನ್ನ ಮನಸ್ಸಿನಲ್ಲಿ ಅದರ ಅರ್ಥ, ನಿನ್ನ ಮಾತು ಕೇಳಿಸಿತು, ಅಷ್ಟೆ.

ಅವನು ಹೋಗಿ ಮೇಲೆ ಹತ್ತಿ ಕೂತ.

ದಿಮ್ಮಿ ನೆಲ ಬಿಟ್ಟು ಒಂದು ಗೇಣು ಎದ್ದಿರಬಹುದು. ಎಡಗಾಲಿನ ಹಲಗೆ ಸದ್ದಿಲ್ಲದೆ ಮಣ್ಣಿಗಿಳಿಯಿತು. ನಾಲ್ಕು ಬೆರಳಿನಷ್ಟು, ಆಮೇಲೆ ಅಳೆದು ನೋಡಿದೆವು. ನಾಲ್ಕು ಬೆರಳು ನೆಲದಲ್ಲಿ ಏನೂ ಅಲ್ಲ. ಆದರೆ ಕ್ರೇನಿನ ತೋಳಿನ ತುದಿಯಲ್ಲಿ ಅದು ಒಂದು ಆಳಿನ ಉದ್ದ ಆಗುತ್ತದೆ. ದಿಮ್ಮಿ ಪಾಕ್‌ಚಿಕ್ ಕಡೆಗೆ ತೂಗಿತು. ಅವರು ಓಡಲಿಲ್ಲ. ಒಂದು ಹೆಜ್ಜೆ ಹಿಂದಿಟ್ಟು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತರು, ನಿಲ್ಲಿಸು ಎಂಬ ಸನ್ನೆ. ಅಭ್ಯರ್ಥಿ ಗಾಬರಿಯಾಗದೆ ಭಾರವನ್ನು ನೆಲಕ್ಕೆ ಇಳಿಸಿದ. ದಿಮ್ಮಿ ಅಲ್ಲಿದ್ದ ಖಾಲಿ ಡ್ರಮ್ಮಿಗೆ ತಗಲಿ ಅದನ್ನು ಉರುಳಿಸಿತು. ಯಾರಿಗೂ ಏನೂ ಆಗಲಿಲ್ಲ. ಎಂಜಿನ್ ನಿಂತಿತು. ಇಂದಿಗೂ ಇದನ್ನು ಬರೆಯುವಾಗ ಎದ್ದು ಒಂದು ಸುತ್ತು ಓಡಾಡಿ ಬಂದಿದ್ದೇನೆ.

ತಗಡಿನ ಚಪ್ಪರದ ಕೆಳಗೆ ನಾಲ್ವರೂ ದೂರ ದೂರ ಕೂತೆವು. ಪುಆನ್ ಬಹಳ ಹೊತ್ತು ಬರೆದರು. ಆಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದರು. ಅಭ್ಯರ್ಥಿ ಒಂದು ಹಲಗೆ ಸಾಕೇ ಎಂದು ಕೇಳಿದ. ಪರೀಕ್ಷಕರು ತಲೆಯಾಡಿಸಿ ಸಾಲದು ಎಂದರು. ಅಭ್ಯರ್ಥಿ ಅದನ್ನು ಲೆಕ್ಕಿಸದೆ ಭಾರ ಎತ್ತಿದ.

ಹಿಂದಿನಿಂದ ನೋಡಿದವರಿಗೆ ನನ್ನ ಹೆಲ್ಮೆಟ್ಟು ಅತ್ತಿತ್ತ ಹೋದದ್ದು ಇಲ್ಲ ಎಂದಂತೆ ಕಂಡಿತ್ತು. ಸುಳಿವು ಕೊಟ್ಟಿದ್ದಕ್ಕೆ ನನ್ನ ಹೆಸರಿನ ಮುಂದೆ ಒಂದು ಸಣ್ಣ ಟಿಪ್ಪಣಿ ಹಾಕಿದ್ದರು, ಮಾನ್ಯತೆಗೆ ಅಡ್ಡಿಯಿರಲಿಲ್ಲ. ಎಚ್ಚರಿಕೆ ಕೊಟ್ಟರೂ ಮೀರಿ ನಡೆದವನೆಂದು ಬರೆಯಿಸಿಕೊಂಡವನ ಗತಿ ಬೇರೆ. ಅವನು ಒಂದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಬಂದರಿನವರು ತಿಂಗಳ ಕೊನೆಯ ನಂತರ ಕಾಯುವುದಿಲ್ಲ.

ಸಹಿಗೆ ಕಾಗದ ನನ್ನ ಮುಂದೆ ಬಂತು. ನಾನು ತಕ್ಷಣ ಬಾಯಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಪೆನ್ನು ತೆಗೆದುಕೊಂಡೆ. ಸಹಿಯ ಮೊದಲ ಅಕ್ಷರ ಬರೆದೂ ಆಗಿತ್ತು. ಅಷ್ಟರಲ್ಲಿ ಆಚೆ ಅಭ್ಯರ್ಥಿ ಪಾಕ್‌ಚಿಕ್ ಹತ್ತಿರ ಮೆಲ್ಲಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಸಾರ್ ಸಾಕು ಅಂದ್ರು, ಸರಿ. ಆದ್ರೆ ನೆಲ ನೋಡಿದ್ದು ನಾನು ತಾನೇ? ಇನ್ನೊಂದು ಹಲಗೆ ಹಾಕ್ಬೇಕಿತ್ತು." ಅವನು ಹೇಳಿದ್ದು ಮಲಯದಲ್ಲಿ. ನನ್ನ ಮೇಲೆ ದೂರು ಅದರಲ್ಲಿ ಇರಲಿಲ್ಲ.

ಪೆನ್ನು ಕೆಳಗಿಟ್ಟೆ. "ಪುಆನ್, ನಾನು ಸಾಲದು ಅಂದಿಲ್ಲ," ಎಂದೆ.

"ತಲೆ ಆಡಿಸಿದ್ದನ್ನು ನಾನೇ ನೋಡಿದೆನಲ್ಲ."

"ಆಡಿಸಿದೆ. ಅದು ಸಾಲದು ಅಂತ ಅಲ್ಲ."

ಅವರು ನನ್ನನ್ನು ಎದ್ದು ನಿಲ್ಲಿಸಿ, ಮತ್ತೊಮ್ಮೆ ಹಾಗೆಯೇ ಆಡಿಸಿ ತೋರಿಸಲು ಹೇಳಿದರು. ಮೂವರ ಎದುರಿಗೆ ಬೇಕೆಂದೇ ಆಡಿಸುವುದು ಬಹಳ ಕಷ್ಟ. ಎರಡು ಸಲ ತಪ್ಪಿತು, ಮೂರನೆಯ ಸಲ ಬಂತು. ಪುಆನ್ ಅಭ್ಯರ್ಥಿಯನ್ನು ಕೇಳಿದರು. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಸಾಕು ಅಂತ ತಿಳಿದೆ ಎಂದ. ಪಾಕ್‌ಚಿಕ್‌ರನ್ನು ಕೇಳಿದರು. ಅವರು ಸ್ವಲ್ಪ ಯೋಚಿಸಿ, "ಗೊತ್ತಿಲ್ಲ ಅಂತ ಹೇಳಿದ ಹಾಗೆ ನನಗೆ ಕಾಣಿಸ್ತು" ಎಂದರು. ಪುಆನ್ ಮಾಸ್ಕಿನೊಳಗೆ ನಕ್ಕರೋ ನಿಟ್ಟುಸಿರುಬಿಟ್ಟರೋ, ಬಟ್ಟೆ ಒಮ್ಮೆ ಉಬ್ಬಿತು. ಕೊನೆಗೆ ನನ್ನನ್ನೇ ಕೇಳಿದರು: "ಅಚ್ಚು ಹಾಕಿದ ವಾಕ್ಯ ಯಾಕೆ ಹೇಳಲಿಲ್ಲ?" ಕೂಗಿದರೂ ಅವನಿಗೆ ಕೇಳುವುದಿಲ್ಲ ಅನ್ನಿಸಿತ್ತು, ಕೂಗಿ ನೋಡಲಿಲ್ಲ ಎಂದೆ.

ಅವರು ಬರೆದದ್ದರ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗೆ ಹೊಸದಾಗಿ ಬರೆದರು. ಪರೀಕ್ಷಕರ ತಪ್ಪಿನಿಂದ ಪರೀಕ್ಷೆ ನಿಂತಿದೆ, ಅಭ್ಯರ್ಥಿಗೆ ಮತ್ತೆ ಅವಕಾಶವಿದೆ. ನನ್ನ ಕಾಗದದಲ್ಲಿ, ಇನ್ನೂ ಅರ್ಹರಲ್ಲ. ಎರಡಕ್ಕೂ ಪೂರ್ತಿ ಸಹಿ ಹಾಕಿದೆ. ಅಂದೇ ಮಧ್ಯಾಹ್ನ ಕ್ರೇನನ್ನು ಅಂಗಳದ ಸಿಮೆಂಟು ನೆಲಕ್ಕೆ ಸರಿಸಿ ಪುಆನ್ ತಾವೇ ಅವನ ಪರೀಕ್ಷೆ ಮಾಡಿದರು. ಸಿಮೆಂಟಿನ ಮೇಲೂ ಅವನು ಒಂದೊಂದು ಕಾಲಿಗೂ ಎರಡೆರಡು ಹಲಗೆ ಇಟ್ಟ. ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕು ಗಂಟೆಗೆ ತೇರ್ಗಡೆಯಾದ. ಗೇಟಿನ ಹತ್ತಿರ, "ಬರ್ತೀನಿ ಅಣ್ಣೇ" ಎಂದ. ಬೆಳಗ್ಗೆಯಿಂದ ಸಾರ್ ಎನ್ನುತ್ತಿದ್ದವನು.

ಮನೆಯಲ್ಲಿ ಹೇಳಿದೆ. ಹೆಂಡತಿ ಮೊದಲು ಪಾಕ್‌ಚಿಕ್ ಹೇಗಿದ್ದಾರೆ ಎಂದು ಎರಡೆರಡು ಸಲ ಕೇಳಿ, ಚೆನ್ನಾಗಿದ್ದಾರೆ ಎಂದು ಖಾತ್ರಿಯಾದ ಮೇಲೆ ಶುರು ಮಾಡಿದಳು. "ಮದ್ವೆ ಆಗಿ ಇಪ್ಪತ್ತೆರಡು ವರ್ಷ ಆಯ್ತು ಕಣ್ರೀ. ಸಾರಿಗೆ ಉಪ್ಪು ಸಾಕಾ ಅಂದ್ರೆ ನೀವು ಅದೇ ಥರ ತಲೆ ಆಡಿಸ್ತೀರಿ. ಅದು ಹೂಂ ಅಂತಲೋ ಊಹೂಂ ಅಂತಲೋ ನಂಗೇ ಇನ್ನೂ ತಿಳಿದಿಲ್ಲ. ಪಾಪ ಅವನಿಗೇನು ತಿಳೀಬೇಕು?"

ಮುಂದಿನ ಎರಡು ತಿಂಗಳು ಮನೆಯಲ್ಲಿ ನನಗೆ ಪಾಠ ನಡೆಯಿತು. ಮಗಳು ತಪಾವ್, ಅಂದರೆ ಹೋಟೆಲಿನಿಂದ ಕಟ್ಟಿಸಿ ತಂದ ಊಟದ ಖಾಲಿ ಡಬ್ಬಿಯನ್ನು ನನ್ನ ತಲೆಯ ಮೇಲಿಟ್ಟು ಪ್ರಶ್ನೆ ಕೇಳುತ್ತಿದ್ದಳು. ಡಬ್ಬಿ ಬಿದ್ದರೆ, "ಅಪ್ಪಾ, ಫೇಲ್" ಎನ್ನುತ್ತಿದ್ದಳು. ಮೊದಲ ವಾರ ಅದು ನಿಂತದ್ದೇ ಇಲ್ಲ. ಹೊರಗೆ ಎಲ್ಲ ಮುಚ್ಚಿದ್ದ ಆ ದಿನಗಳಲ್ಲಿ ಮೂವರೂ ಅಷ್ಟು ನಕ್ಕಿದ್ದು ಬೇರೆ ನೆನಪಿಲ್ಲ. ಎರಡು ತಿಂಗಳ ನಂತರ ನಾನು ಇನ್ನೊಬ್ಬ ಅಭ್ಯರ್ಥಿಯ ಎದುರು ನಿಂತೆ, ಅಚ್ಚಿನ ವಾಕ್ಯವನ್ನು ಮೂರು ಸಲ ಕೂಗಿ ಹೇಳಿದೆ, ಮಾನ್ಯತೆ ಸಿಕ್ಕಿತು.

ಆ ಮಂಗಳವಾರದ್ದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟು ಮೂವರು. ಪಾಕ್‌ಚಿಕ್ ಮೊನ್ನೆ ಮೊನ್ನೆ, ತಮ್ಮ ಮನೆಯಲ್ಲೇ ತೀರಿಕೊಂಡರು. ಮೊಮ್ಮಕ್ಕಳು ಸುತ್ತ ಇದ್ದರಂತೆ. ಪುಆನ್ ನಿವೃತ್ತರಾಗಿ ಬಾಲಿಕ್ ಪುಲಾವ್ ಎಂಬ ಊರಿನಲ್ಲಿದ್ದಾರೆ, ಮೊಣಕಾಲು ನೋವು ಬಿಟ್ಟರೆ ಆರೋಗ್ಯವಾಗಿದ್ದಾರೆ. ಅಭ್ಯರ್ಥಿಯಾಗಿದ್ದವನು ಬಟರ್‌ವರ್ತ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದಾನೆ. ನಾನು ಬರೆದದ್ದರಲ್ಲಿ ಎಲ್ಲಾದರೂ ತಪ್ಪಿದ್ದರೆ ಅವರಿಬ್ಬರನ್ನು ಕೇಳಬಹುದು.